ಅಪ್ಪನ ಫೈಲುಗಳು ಎಲ್ಲೂ ಹೋಗಿಲ್ಲ

ಸರಸ್ವತಿಪುರಂನ ಓದುಗರಿಗೆ,

ನಿಮ್ಮ ತಂದೆಯವರ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದೀರಿ, ಒಳ್ಳೆಯದಾಯಿತು. ಕಂಪ್ಯೂಟರ್ ಆನ್ ಆಗದಿದ್ದರೆ ಡಿಸ್ಕೇ ಕೆಟ್ಟಿದೆ ಎಂದೇನಲ್ಲ. ಪವರ್ ಸಪ್ಲೈಯೋ ಮದರ್‌ಬೋರ್ಡೋ ಹೋಗಿರಬಹುದು.

ನೀವು ಬರೆದ ಅಗಲ ಪಟ್ಟಿಯ ಕೇಬಲ್ 40 ಪಿನ್ನಿನ ಐಡಿಇ. ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಡೆಸ್ಕ್‌ಟಾಪ್ ಡಿಸ್ಕಿಗೆ 12 ವೋಲ್ಟ್ ಬೇಕು, ಹಾಗಾಗಿ ಬೇರೆ ಪವರ್ ಪ್ಲಗ್ ಇರುವುದನ್ನೇ ಕೊಳ್ಳಿ. ಲ್ಯಾಪ್‌ಟಾಪಿಗೆ ಸೇರಿಸಿದಾಗ ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಖಂಡಿತ ಒಪ್ಪಬೇಡಿ. ಟಕ್ ಟಕ್ ಸದ್ದು ಬಂದರೆ ಕೂಡಲೇ ಕಳಚಿ, ಡೇಟಾ ರಿಕವರಿ ಬಲ್ಲವರಿಗೆ ಒಪ್ಪಿಸಿ. ಡಿಸ್ಕನ್ನು ಫ್ರಿಜ್‌ನಲ್ಲಿಡಿ ಎನ್ನುವ ನೆಂಟರ ಮಾತು ಕೇಳಬೇಡಿ!

ಫೋಲ್ಡರ್ ತೆರೆಯಲು ಅನುಮತಿಯಿಲ್ಲ ಎಂದು ಬಂದರೆ, ಅದು ನಿಮ್ಮ ತಂದೆಯವರ ಹಳೆಯ ಎಕ್ಸ್‌ಪಿ ಖಾತೆಯ ಕಾವಲು. ಪ್ರಾಪರ್ಟೀಸ್‌ನ ಸೆಕ್ಯುರಿಟಿಯಲ್ಲಿ ಅಡ್ವಾನ್ಸ್‌ಡ್‌ಗೆ ಹೋಗಿ ಓನರ್ ಬದಲಿಸಿ. ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ಮಾತ್ರ ಈ ದಾರಿ ಸಾಲದು.

ಅಸಲಿ ತಲೆನೋವು ಆಮೇಲೆ. ಅವರ ಲೇಖನಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಂಡರೆ ಫೈಲು ಹಾಳಾಗಿದೆ ಎಂದುಕೊಂಡು ಅಳಿಸಬೇಡಿ. ಎಕ್ಸ್‌ಪಿ ಕಾಲದಲ್ಲಿ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಬಹುಪಾಲು ಯೂನಿಕೋಡ್ ಅಲ್ಲ. ಅಕ್ಷರ ಫಾಂಟನ್ನೇ ನಂಬಿಕೊಂಡಿರುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ಫಾಂಟ್ ಹಾಕಿ ನೋಡಿ, ಓದಲು ಬಂದರೆ ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ. ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕಾದೀತು. ಮೂಲ ಫೈಲನ್ನೂ ಇಟ್ಟುಕೊಂಡಿರಿ.