ಕಾಯಿಲ್ ಕೆಟ್ಟಿಲ್ಲ, ವೋಲ್ಟೇಜ್ ಬಿದ್ದಿದೆ

ಅಂಗಡಿಯವರು ಹೇಳಿದರೆಂದು ಹೊಸ ಕಾಯಿಲ್ ಕೊಳ್ಳಲು ಹೊರಡಬೇಡಿ, ಸ್ವಲ್ಪ ತಾಳಿ. ನೀರು ಕಾಯಿಸುವ ನಿಮ್ಮ ಕಾಯಿಲ್ ಮೇಲೆ 230 ವೋಲ್ಟ್, 1500 ವಾಟ್ ಎಂದಿದೆಯಲ್ಲ, ಆ ವಾಟನ್ನು ವೋಲ್ಟಿನಿಂದ ಭಾಗಿಸಿ: ಸುಮಾರು 6.5 ಆಂಪಿಯರ್ ಕರೆಂಟು. ಈಗ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ, ಹತ್ತಿರಹತ್ತಿರ 35 ಓಮ್.

ಸಂಜೆ ಪಂಪ್‌ಸೆಟ್‌ಗಳು ಓಡುವಾಗ ಮೀಟರ್ 180 ವೋಲ್ಟ್ ತೋರಿಸಿತು ಎಂದು ಬರೆದಿದ್ದೀರಿ. ನೀರು ತಡವಾಗಿ ಕಾಯುವುದರ ಗುಟ್ಟಿರುವುದು ಅಲ್ಲೇ. ನೈಕ್ರೋಮ್ ತಂತಿಯ ರೋಧ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹಾಗಾಗಿ ಕರೆಂಟು 5.1 ಆಂಪಿಯರಿಗೆ ಇಳಿಯುತ್ತದೆ. 180ನ್ನು 5.1ರಿಂದ ಗುಣಿಸಿ ನೋಡಿ, ಬರೀ 920 ವಾಟ್ ಆಸುಪಾಸು! ವೋಲ್ಟೇಜು, ಕರೆಂಟು ಎರಡೂ ಕುಗ್ಗಿದ್ದರ ಫಲ ಇದು. ಅರ್ಧ ಗಂಟೆಗೆ ಕಾಯುತ್ತಿದ್ದ ನೀರಿಗೆ ಐವತ್ತು ನಿಮಿಷ ಹಿಡಿದರೆ ಅಚ್ಚರಿಯೇನಿಲ್ಲ. ಬಿಲ್ಲು ಅದರಿಂದ ಅಷ್ಟೇನೂ ಏರುವುದಿಲ್ಲ.

ನನ್ನ ಚಿಂತೆ ಬೇರೆಯೇ. ನೀವು ಬಳಸುತ್ತಿರುವುದು 6 ಆಂಪಿಯರ್ ಸಾಕೆಟ್. ಬೆಳಗಿನ ಜಾವ ವೋಲ್ಟೇಜ್ ಸರಿಯಿದ್ದಾಗ ಅದರ ಮಿತಿ ಮೀರಿ ಕರೆಂಟು ಹರಿಯುತ್ತದೆ. ಪ್ಲಗ್ಗು ಬಿಸಿಯಾಗಲು ಅದೂ ಕಾರಣ. ಅರ್ತಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ಕೈಯಿಂದಲೇ ಹಾಕಿಸಿ, ತಂತಿಯ ದಪ್ಪವನ್ನೂ ಅವರು ನೋಡಲಿ. ನಿಮ್ಮ ಮಗ ಮೀಟರಿನಲ್ಲಿ ರೋಧ ಅಳೆಯುವುದಾದರೆ ಮೊದಲು ಪ್ಲಗ್ಗು ಕಿತ್ತಿಡಬೇಕು.