ಸುಶಿ ತರಗತಿಗೆ ದುಡ್ಡು ಕಟ್ಟುವ ಮುನ್ನ

ಟೋಕಿಯೊಗೆ ಹೋದಾಗ ಸುಶಿ ತಿಂದು ಬಂದರಷ್ಟೇ ಸಾಲದು, ಮಾಡುವುದನ್ನೂ ಕಲಿತು ಬನ್ನಿ. ತ್ಸುಕಿಜಿಯ ಆಸುಪಾಸಿನಲ್ಲಿ ಇಂಗ್ಲಿಷಿನಲ್ಲೇ ಹೇಳಿಕೊಡುವ ತರಗತಿಗಳಿವೆ. ಅಲ್ಲಿದ್ದ ಸಗಟು ಮೀನು ಮಾರುಕಟ್ಟೆ 2018ರಲ್ಲೇ ಟೊಯೊಸುಗೆ ಹೋಯಿತು; ಇಲ್ಲಿ ಉಳಿದಿರುವುದು ಹೊರ ಮಾರುಕಟ್ಟೆ. ಬುಧವಾರ, ಭಾನುವಾರ ಬಹಳಷ್ಟು ಅಂಗಡಿಗಳು ಬಾಗಿಲು ಹಾಕಿರುತ್ತವೆ, ಉಳಿದ ದಿನಗಳಲ್ಲೂ ಮಧ್ಯಾಹ್ನದ ಹೊತ್ತಿಗೆ ವ್ಯಾಪಾರ ಮುಗಿಯುತ್ತದೆ. ಹಾಗಾಗಿ ಮಾರುಕಟ್ಟೆ ಸುತ್ತಾಟವೂ ಸೇರಿದ ಬೆಳಗಿನ ತರಗತಿಯನ್ನೇ ಆರಿಸಿಕೊಳ್ಳಿ.

ದುಡ್ಡು ಕಟ್ಟುವ ಮೊದಲು ಒಂದು ಮಾತು ಕೇಳಿ: ಅನ್ನಕ್ಕೆ ವಿನೆಗರ್ ಬೆರೆಸುವ ಕೆಲಸ ನಮ್ಮ ಕೈಗೆ ಕೊಡುತ್ತೀರಾ? ಎಷ್ಟೋ ಕಡೆ ಅನ್ನ ಸಿದ್ಧವಾಗಿಯೇ ಮೇಜಿಗೆ ಬರುತ್ತದೆ. ಆದರೆ ಸುಶಿಯ ಜೀವ ಇರುವುದೇ ಅನ್ನದಲ್ಲಿ. ಬಿಸಿ ಅನ್ನವನ್ನು ಅಗಲವಾದ ಮರದ ಪಾತ್ರೆಗೆ ಸುರಿದು, ವಿನೆಗರ್, ಸಕ್ಕರೆ, ಉಪ್ಪಿನ ಮಿಶ್ರಣ ಚಿಮುಕಿಸಿ, ಸಟ್ಟುಗವನ್ನು ಓರೆಯಾಗಿ ಹಿಡಿದು ಕತ್ತರಿಸುವಂತೆ ಆಡಿಸಬೇಕು. ಒತ್ತಿ ಕಲಸಿದರೆ ಮುದ್ದೆಯಾಗುತ್ತದೆ. ಬೀಸಣಿಗೆಯಲ್ಲಿ ಗಾಳಿ ಹಾಕುತ್ತಾ ಮೈಬಿಸಿಗೆ ಬರುವವರೆಗೆ ಆರಿಸಬೇಕು. ಈ ಹದ ವಿಡಿಯೊ ನೋಡಿದರೆ ಬರುವುದಲ್ಲ, ಕೈಗೇ ಗೊತ್ತಾಗಬೇಕು.

ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ಬಿಡಿಸಿ ಹೇಳಿ. ಮೀನು ಬೇಡ ಎಂದಷ್ಟೇ ಹೇಳಿದರೆ ಸಾಲದು. ಸೌತೆಕಾಯಿ ಇಟ್ಟು ಸುತ್ತಿದ ಸುಶಿ, ಕಪ್ಪಾಮಾಕಿ, ಸುಲಭದ ಆಯ್ಕೆ. ಆದರೆ ಜೊತೆಗೆ ಕೊಡುವ ಮಿಸೊ ಸೂಪಿನಲ್ಲಿ ಸಾಮಾನ್ಯವಾಗಿ ದಾಶಿ, ಅಂದರೆ ಒಣ ಬೊನಿಟೊ ಮೀನಿನಿಂದ ತೆಗೆದ ಸಾರು ಇರುತ್ತದೆ; ಇನಾರಿ ಸುಶಿಯಲ್ಲಿ ಅನ್ನ ತುಂಬುವ ತೋಫು ಚೀಲವನ್ನೂ ಈ ದಾಶಿಯಲ್ಲಿ ಬೇಯಿಸುವುದುಂಟು. ಕೊಂಬು ಎಂಬ ಕಡಲಕಳೆಯಿಂದಲೇ ದಾಶಿ ಮಾಡಿಕೊಡಲು ಸಾಧ್ಯವೇ ಎಂದು ವಿಚಾರಿಸಿ.

ಹಸಿ ಮೀನಿನ ಸುಶಿಯನ್ನು ಅಲ್ಲೇ ತಿಂದು ಮುಗಿಸಿ, ಹೋಟೆಲಿಗೆ ಕಟ್ಟಿಸಿಕೊಳ್ಳಬೇಡಿ. ನೀವು ಮಾಡಿದ ಸುಶಿಯೇ ಊಟವಾಗುವುದರಿಂದ ಅಂದಿನ ಮಧ್ಯಾಹ್ನಕ್ಕೆ ಬೇರೆ ಊಟ ಗೊತ್ತುಮಾಡುವುದೂ ಬೇಡ.