ಆ ಮೆಮೊರಿ ಬೇರೆ, ಈ ಮೆಮೊರಿ ಬೇರೆ

ದೂರವಾಣಿನಗರ,
ಬೆಂಗಳೂರು

ಪುಟ್ಟಿ,

ಲ್ಯಾಪ್‌ಟಾಪ್‌ನಲ್ಲಿ ಮೆಮೊರಿ ಸಾಲುತ್ತಿಲ್ಲ ಅಂತ ಹಲಸೂರು ಸೋಮೇಶ್ವರನ ಗುಡಿಯಲ್ಲಿ ತೆಗೆದ ಫೋಟೊಗಳನ್ನೆಲ್ಲ ಅಳಿಸಿಬಿಟ್ಟೆಯಂತೆ, ನಿಮ್ಮಮ್ಮ ಹೇಳಿದಳು. ಕೇಳಿ ಸಂಕಟವಾಯಿತು. ರೀಸೈಕಲ್ ಬಿನ್‌ನಲ್ಲಿ ಇನ್ನೂ ಇರಬಹುದು, ಮೊದಲು ಅಲ್ಲಿ ನೋಡು. ಅಜ್ಜಿ ಇರುವ ಫೋಟೊಗಳು ಅವು.

1948ರಲ್ಲಿ ಶುರುವಾದ ನಮ್ಮ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ನಾನು ಟೆಲಿಫೋನ್ ಎಕ್ಸ್‌ಚೇಂಜ್‌ನ ರ‍್ಯಾಕ್‌ಗಳನ್ನು ಟೆಸ್ಟ್ ಮಾಡುತ್ತಿದ್ದವನು. ಊರಲ್ಲಿ ಸಾವಿರಾರು ಜನರ ಮನೆಯಲ್ಲಿ ಫೋನಿದ್ದರೂ ಒಂದೇ ಹೊತ್ತಿಗೆ ಇಷ್ಟೇ ಜನ ಮಾತಾಡಬಹುದು ಅಂತ ಎಕ್ಸ್‌ಚೇಂಜಿಗೆ ಒಂದು ಮಿತಿ ಇರುತ್ತಿತ್ತು. ಅದು ಮೀರಿದರೆ ಉಳಿದವರು ಕಾಯಬೇಕು. ನಿನ್ನ ರ‍್ಯಾಮ್ ಅಂದರೆ ಸಾಲುತ್ತಿಲ್ಲ ಅನ್ನುವ ಮೆಮೊರಿ, ಅದೇ ಆ ಮಿತಿ. ಫೋಟೊ ಇರುವ ಡಿಸ್ಕ್ ಬರೀ ಡೈರೆಕ್ಟರಿ. ಡೈರೆಕ್ಟರಿಯಿಂದ ಹೆಸರು ಹೊಡೆದು ಹಾಕಿದರೆ ಲೈನು ಹೆಚ್ಚುತ್ತದೆಯೆ?

ಹೋದ ಭಾನುವಾರ ನೀನು ಲ್ಯಾಪ್‌ಟಾಪ್ ಇಲ್ಲಿ ಬಿಟ್ಟು ಹೋಗಿದ್ದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಇರುವುದು 4 ಜಿಬಿ ರ‍್ಯಾಮ್, ಅದರಲ್ಲಿ ಶೇ. 92 ಭರ್ತಿ. ‘ಮೆಮೊರಿ’ ಅನ್ನುವ ತಲೆಬರಹ ಒತ್ತಿದರೆ ಜಾಸ್ತಿ ತಿನ್ನುವುದು ಮೇಲಕ್ಕೆ ಬರುತ್ತದೆ. ಬ್ರೌಸರ್ ಬಂತು, 31 ಟ್ಯಾಬ್! ಕೆಳಗೆ ನೀನು ತೆರೆದೇ ಇರದ ಮೂರು ಆ್ಯಪ್‌ಗಳು. ಅವು ಲ್ಯಾಪ್‌ಟಾಪ್ ಆನ್ ಆದಾಗ ತಾವೇ ಏಳುತ್ತವೆ. ಅವನ್ನು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ನಿಲ್ಲಿಸು. ರ‍್ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚಾದದ್ದನ್ನು ಡಿಸ್ಕಿಗೆ ಸಾಗಿಸುತ್ತದೆ. ನಿನ್ನದು ತಿರುಗುವ ಹಳೇ ಹಾರ್ಡ್‌ಡಿಸ್ಕ್, ತೀರ ನಿಧಾನ, ಅದಕ್ಕೇ ಮೌಸ್ ಕೂಡ ಅಲ್ಲಾಡದೆ ನಿಲ್ಲುವುದು. ಮತ್ತೆ, ದಿನವೂ ಬರೀ ಮುಚ್ಚಳ ಮುಚ್ಚಿ ಏಳುತ್ತೀಯ. ಅದು ಮಲಗುತ್ತದೆ ಅಷ್ಟೆ. ವಾರಕ್ಕೊಮ್ಮೆಯಾದರೂ ರೀಸ್ಟಾರ್ಟ್ ಮಾಡು.

ಇಷ್ಟೆಲ್ಲ ಮಾಡಿ, ಬೇಕಾದ್ದನ್ನಷ್ಟೇ ತೆರೆದಾಗಲೂ ಶೇ. 90ರ ಮೇಲೇ ನಿಂತರೆ ಆಗ ರ‍್ಯಾಮ್ ಹಾಕಿಸೋಣ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತ ಇರುತ್ತದೆ, ಬರೆದುಕೋ. ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ, ಕಚ್ಚು ಬೇರೆ ಕಡೆ ಇರುತ್ತದೆ. ಒತ್ತಿ ಕೂರಿಸಲು ಹೋದರೆ ಬೋರ್ಡೇ ಹಾಳು. ಕೆಲವು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಅದಕ್ಕೇ ನೋಡದೆ ದುಡ್ಡು ಕೊಡಬೇಡ.

ಹೊಸ ಲ್ಯಾಪ್‌ಟಾಪಿಗೆ ಕಂತು ಕಟ್ಟುವ ಮಾತು ಸದ್ಯಕ್ಕೆ ಬೇಡ ಮಗಳೇ. ಭಾನುವಾರ ಇಂದಿರಾನಗರದಲ್ಲಿ ಮೆಟ್ರೊ ಹತ್ತಿ ಕೆ.ಆರ್. ಪುರದಲ್ಲಿ ಇಳಿ. ಚಾರ್ಜರ್ ಮರೆಯಬೇಡ. ಸ್ಕ್ರೂಡ್ರೈವರ್ ನನ್ನ ಹತ್ತಿರ ಇದೆ.

ಇತಿ,
ನಿನ್ನ ತಾತ